ಹೊಣೆ ಎಲ್ಲರದು, ಪಾಲು ಬೇರೆ ಬೇರೆ



ನಮ್ಮ ಕುಟ್ಟ ಗಡಿಯ ಊರು. ಒಂದು ಕಡೆ ಬ್ರಹ್ಮಗಿರಿ ಬೆಟ್ಟ, ಇನ್ನೊಂದು ಕಡೆ ನಾಗರಹೊಳೆಯ ಕಾಡು, ಮತ್ತೊಂದು ಕಡೆ ತೋಲ್ಪೆಟ್ಟಿಯ ಮೂಲಕ ಕೇರಳದ ವಯನಾಡಿಗೆ ಹೋಗುವ ರಸ್ತೆ. ಗಡಿಯಲ್ಲಿ ವಾಹನಗಳಿಗೆ ತಪಾಸಣೆ ಉಂಟು. ಮಳೆಗೂ ಗಾಳಿಗೂ ಇಲ್ಲ. ಬ್ರಹ್ಮಗಿರಿಯ ಈ ಮಗ್ಗುಲಲ್ಲಿ, ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ಹರಿದು ಕಾವೇರಿಯನ್ನು ಸೇರುತ್ತದೆ. ಆ ಮಗ್ಗುಲಲ್ಲಿ ತಿರುನೆಲ್ಲಿಯ ಕಡೆಗೆ ಇಳಿಯುವ ನೀರು ಕಬಿನಿಯ ಮೂಲಕ ಅದೇ ಕಾವೇರಿಗೆ ಬಂದು ಸೇರುತ್ತದೆ. ಬೆಟ್ಟದ ನೆತ್ತಿಯಲ್ಲಿ ಬೇರೆಯಾದದ್ದು ಬಯಲಿನಲ್ಲಿ ಒಂದಾಗುತ್ತದೆ.

"ಹವಾಮಾನ ಬದಲಾವಣೆ", "ಸುಸ್ಥಿರ ಅಭಿವೃದ್ಧಿ", "ಅಂತಾರಾಷ್ಟ್ರೀಯ ಸಹಕಾರ" ಎಂಬ ಮಾತುಗಳನ್ನು ಪತ್ರಿಕೆಗಳಲ್ಲಿ ಓದುವಾಗ, ಇವು ಮಂತ್ರಿಗಳಿಗೂ ವಿಜ್ಞಾನಿಗಳಿಗೂ ಸಂಬಂಧಿಸಿದ್ದು ಎಂದು ನಾವು ಪುಟ ತಿರುವಿಬಿಡುತ್ತೇವೆ. ಆದರೆ ದೂರದ ನಗರಗಳಲ್ಲಿ ಸಹಿಯಾದ ಈ ಕಾಗದಗಳು ನಮ್ಮ ಕಾಫಿ ಕಣದವರೆಗೂ ಬಂದು ತಲುಪಿವೆ. ಆ ಕಾಗದಗಳಲ್ಲಿ ಇರುವ ಒಂದೇ ಒಂದು ತತ್ವವನ್ನು ಈ ವಾರ ಅಭ್ಯಾಸ ಮಾಡೋಣ. ಅದು ಅರ್ಥವಾದರೆ ಉಳಿದದ್ದನ್ನು ಅರಿಯುವುದು ಕಷ್ಟವಲ್ಲ.

ಹಬ್ಬದ ವಂತಿಗೆಯ ಲೆಕ್ಕ

1992ರ ಜೂನ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ ಲೋಕದ ರಾಷ್ಟ್ರಗಳೆಲ್ಲ ಸೇರಿದವು. ಅಲ್ಲಿ ರಾಷ್ಟ್ರಗಳು ಸಹಿ ಹಾಕಿದ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆ 1994ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಭಾರತ ಅದನ್ನು 1993ರಲ್ಲಿಯೇ ಅನುಮೋದಿಸಿತ್ತು. ಆ ಒಡಂಬಡಿಕೆಯ ಹೃದಯದಲ್ಲಿ ಇರುವ ತತ್ವ ಇದು: ಭೂಮಿಯನ್ನು ಕಾಪಾಡುವ ಹೊಣೆ ಎಲ್ಲ ರಾಷ್ಟ್ರಗಳಿಗೂ ಸೇರಿದ್ದು, ಆದರೆ ಯಾರಿಂದ ಎಷ್ಟು ಹಾನಿಯಾಗಿದೆ, ಯಾರಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ನೋಡಿ ಪಾಲನ್ನು ಗೊತ್ತುಪಡಿಸಬೇಕು.

ಇದು ನಮಗೆ ಹೊಸದೇನಲ್ಲ. ಧರ್ಮಕೇಂದ್ರದ ಹಬ್ಬಕ್ಕೆ ವಂತಿಗೆ ಎತ್ತುವಾಗ ನಾವು ಮಾಡುವುದೂ ಇದನ್ನೇ. ದೊಡ್ಡ ತೋಟದವರು ಹೆಚ್ಚು ಕೊಡುತ್ತಾರೆ, ದಿನಗೂಲಿಯವರು ಕೈಲಾದಷ್ಟು ಕೊಡುತ್ತಾರೆ. ಊಟಕ್ಕೆ ಕೂತಾಗ ಎಲೆಯಲ್ಲಿ ಭೇದವಿಲ್ಲ. ಎಲ್ಲರಿಂದಲೂ ತಲೆಗೆ ಇಷ್ಟೆಂದು ಒಂದೇ ಮೊತ್ತವನ್ನು ವಸೂಲು ಮಾಡಿದರೆ ಅದು ನೋಡಲು ಸಮಾನತೆ, ನಿಜದಲ್ಲಿ ಅನ್ಯಾಯ. ಅರಿಸ್ಟಾಟಲ್ ಇದನ್ನು ಹಂಚಿಕೆಯ ನ್ಯಾಯ ಎಂದು ವಿವರಿಸಿದ. ಸಂತ ತೋಮಸ್ ಅಕ್ವಿನಾಸರು ಅದನ್ನು ಕ್ರೈಸ್ತ ಚಿಂತನೆಗೆ ತಂದರು. ವ್ಯಾಪಾರದ ನ್ಯಾಯದಲ್ಲಿ ಕೊಟ್ಟದ್ದಕ್ಕೆ ಸರಿಯಾಗಿ ತೆಗೆದುಕೊಳ್ಳುವುದು ಮುಖ್ಯ. ಹಂಚಿಕೆಯ ನ್ಯಾಯದಲ್ಲಿ ಪ್ರತಿಯೊಬ್ಬನ ಸ್ಥಿತಿಗೆ ತಕ್ಕ ಪ್ರಮಾಣ ಮುಖ್ಯ. ದೇವಾಲಯದ ಕಾಣಿಕೆ ಪೆಟ್ಟಿಗೆಯ ಮುಂದೆ ಕುಳಿತ ಪ್ರಭು ಯೇಸು ಬಡ ವಿಧವೆಯ ಎರಡು ಕಾಸನ್ನು ಅಳೆದದ್ದು ನಾಣ್ಯದ ತೂಕದಿಂದಲ್ಲ, ಅವಳ ಕೈಯಲ್ಲಿ ಏನು ಉಳಿಯಿತು ಎಂಬುದರಿಂದ.

ಈಗ ಅಂಕಿಗಳನ್ನು ನೋಡೋಣ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಹೊರಬರುವ ಇಂಗಾಲದ ಡೈಆಕ್ಸೈಡಿನ ಒಂದು ಭಾಗ ನೂರಾರು ವರ್ಷ ವಾತಾವರಣದಲ್ಲಿ ಉಳಿಯುತ್ತದೆ. ಆದ್ದರಿಂದ ಇಂದಿನ ಹೊಗೆಯ ಜೊತೆಗೆ ನಮ್ಮ ಅಜ್ಜಂದಿರ ಕಾಲದ ಹೊಗೆಯೂ ಲೆಕ್ಕಕ್ಕೆ ಬರುತ್ತದೆ. ಕೈಗಾರಿಕೆಗಳು ಬೆಳೆದಂದಿನಿಂದ ಇಂದಿನವರೆಗೆ ಲೋಕ ಹೊರಬಿಟ್ಟ ಇಂತಹ ಇಂಗಾಲದಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದೇ. ಜನಸಂಖ್ಯೆಯಲ್ಲಿ ಲೋಕದ ಆರನೆಯ ಒಂದು ಭಾಗಕ್ಕಿಂತ ಹೆಚ್ಚಿರುವ ಭಾರತದ ಪಾಲು ಶೇಕಡಾ 4ರ ಆಸುಪಾಸು. ಇಂದು ಒಬ್ಬ ಅಮೆರಿಕನ್ ಪ್ರಜೆಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಬಂದರೆ, ಒಬ್ಬ ಭಾರತೀಯನ ಲೆಕ್ಕಕ್ಕೆ ಸುಮಾರು 2 ಟನ್ ಬರುತ್ತದೆ.

ತತ್ವ ಫಲಿಸಿದ ಒಂದು ಉದಾಹರಣೆ

ರಾಷ್ಟ್ರಗಳು ಕೂಡಿ ಕೆಲಸ ಮಾಡುವುದು ಸಾಧ್ಯವೇ ಎಂದು ಕೇಳುವವರು ಅಡುಗೆಮನೆಯ ಫ್ರಿಜ್ಜನ್ನು ನೋಡಬಹುದು. ಹಿಂದೆ ಅದರೊಳಗೆ ತುಂಬುತ್ತಿದ್ದ ಒಂದು ಬಗೆಯ ಅನಿಲ, ಸೂರ್ಯನ ತೀಕ್ಷ್ಣ ಕಿರಣಗಳಿಂದ ನಮ್ಮನ್ನು ಕಾಯುವ ಓಜೋನ್ ಪದರವನ್ನು ಹಾಳುಮಾಡುತ್ತಿತ್ತು. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಬಡ ರಾಷ್ಟ್ರಗಳಿಗೆ ಹೆಚ್ಚು ಕಾಲಾವಕಾಶ ಕೊಡಲಾಯಿತು. 1990ರಲ್ಲಿ ಶ್ರೀಮಂತ ರಾಷ್ಟ್ರಗಳು ಹಣ ಹಾಕುವ ನಿಧಿಯೊಂದು ಸ್ಥಾಪನೆಯಾಯಿತು. ಬಡ ದೇಶಗಳ ಕಾರ್ಖಾನೆಗಳು ಹೊಸ ಅನಿಲಕ್ಕೆ ಬದಲಾಗುವ ವೆಚ್ಚವನ್ನು ಅದು ಭರಿಸಿತು. ಭಾರತ 1992ರಲ್ಲಿ ಸೇರಿತು, 2010ರ ಹೊತ್ತಿಗೆ ಆ ಅನಿಲಗಳ ಬಳಕೆಯನ್ನು ನಿಲ್ಲಿಸಿತು. ಇಂದು ಓಜೋನ್ ಪದರ ಮೆಲ್ಲನೆ ಚೇತರಿಸುತ್ತಿದೆ. ಶಕ್ತಿಗೆ ತಕ್ಕ ಪಾಲನ್ನು ಅವರವರು ಹೊತ್ತದ್ದರಿಂದ ಕೆಲಸ ನಡೆಯಿತು.

ಮಾತು ಕೊಟ್ಟು ತಡಮಾಡಿದ ಕಥೆ

ಹವಾಮಾನದ ವಿಷಯದಲ್ಲಿ ಹೀಗಾಗಲಿಲ್ಲ. 1997ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶ್ರೀಮಂತ ರಾಷ್ಟ್ರಗಳಿಗೆ ಹೊಗೆ ಕಡಿಮೆ ಮಾಡುವ ಗುರಿ ಹಾಕಲಾಯಿತು. ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ. 2015ರ ಡಿಸೆಂಬರ್ 12ರಂದು ಪ್ಯಾರಿಸ್‌ನಲ್ಲಿ ಇನ್ನೊಂದು ಒಪ್ಪಂದವಾಯಿತು. ಭೂಮಿಯ ತಾಪದ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ 1.5 ಡಿಗ್ರಿಯ ಒಳಗೆ ತಡೆಯಬೇಕು, ಪ್ರತಿ ದೇಶವೂ ತನ್ನ ಪಾಲನ್ನು ತಾನೇ ಘೋಷಿಸಬೇಕು ಎಂದು ಎಲ್ಲರೂ ಒಪ್ಪಿದರು. ಭಾರತ 2016ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಅದನ್ನು ಅನುಮೋದಿಸಿತು. ಅಮೆರಿಕ 2020ರಲ್ಲಿ ಹೊರಹೋಗಿ, 2021ರಲ್ಲಿ ಮರಳಿ ಬಂದು, 2025ರ ಜನವರಿಯಲ್ಲಿ ಮತ್ತೆ ಹೊರಹೋಗುವ ಆದೇಶ ಹೊರಡಿಸಿತು.

ಹಣದ ಮಾತೂ ಹೀಗೆಯೇ. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ನೆರವನ್ನು ಬಡ ರಾಷ್ಟ್ರಗಳಿಗೆ ಒದಗಿಸುವುದಾಗಿ ಶ್ರೀಮಂತ ರಾಷ್ಟ್ರಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಅವರದೇ ಲೆಕ್ಕದ ಪ್ರಕಾರ ಆ ಮಟ್ಟ ಮುಟ್ಟಿದ್ದು 2022ರಲ್ಲಿ; ಅದರಲ್ಲಿಯೂ ಬಹುಪಾಲು ಸಾಲದ ರೂಪದಲ್ಲಿ. 2024ರಲ್ಲಿ ಬಾಕು ನಗರದಲ್ಲಿ ಬಡ ರಾಷ್ಟ್ರಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಬೇಕೆಂದವು. ಶ್ರೀಮಂತ ರಾಷ್ಟ್ರಗಳ ಮುಂದಾಳತ್ವದಲ್ಲಿ 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್ ಒದಗಿಸುವ ಗುರಿ ನಿಶ್ಚಯವಾಯಿತು. ಇದು ಸಾಲದೆಂದು ಭಾರತ ಅಲ್ಲಿಯೇ ಬಲವಾಗಿ ಆಕ್ಷೇಪಿಸಿತು.

ತಡವಾದರೆ ಏನಾಗುತ್ತದೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮದೇ ಜಿಲ್ಲೆಯ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡಗಳು ಜಾರಿದವು. 2019ರಲ್ಲಿ ವಿರಾಜಪೇಟೆ ತಾಲೂಕಿನ ತೋರ, 2020ರಲ್ಲಿ ತಲಕಾವೇರಿ. 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋದವು; 250ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಸತ್ತವರಲ್ಲಿ ಅನೇಕರು ಚಹಾ ತೋಟದ ಕೆಲಸಗಾರರು ಮತ್ತು ಅವರ ಮಕ್ಕಳು. ಭೂಮಿಯ ತಾಪ ಏರಿದ್ದರಿಂದ ಆ ದಿನದ ಮಳೆ ಸುಮಾರು ಶೇಕಡಾ 10ರಷ್ಟು ಹೆಚ್ಚು ತೀವ್ರವಾಯಿತೆಂದು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಕೆಲವೇ ವಾರಗಳಲ್ಲಿ ಲೆಕ್ಕ ಹಾಕಿ ಹೇಳಿತು.

ಆದರೆ ಮಳೆಯನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವಂತಿಲ್ಲ. 2018ರ ಕೊಡಗಿನ ದುರಂತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ಮನೆ ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ತೋರಿಸಿದರು. ಮಳೆ ಹೆಚ್ಚಿಸಿದವರು ದೂರದಲ್ಲಿದ್ದಾರೆ. ಗುಡ್ಡ ಕಡಿದವರು ಹತ್ತಿರದಲ್ಲಿದ್ದಾರೆ. ಎರಡರ ಬೆಲೆಯನ್ನೂ ಎರಡರಲ್ಲಿಯೂ ಪಾಲಿಲ್ಲದವರು ತೆತ್ತರು.

ಕಾಫಿ ಚೀಲದ ಜೊತೆಗೆ ಬಂದ ಕಾನೂನು

ನಾವು ಬೆಳೆಯುವ ಕಾಫಿಗೂ ಇದಕ್ಕೂ ನೇರ ಸಂಬಂಧವಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು. ಜಿಲ್ಲೆಗಳಲ್ಲಿ ಕೊಡಗಿಗೇ ಮೊದಲ ಸ್ಥಾನ. ದೇಶದ ಕಾಫಿಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗ್ರಾಹಕರು.

2023ರಲ್ಲಿ ಯೂರೋಪ್ ಒಕ್ಕೂಟ ಒಂದು ಕಾನೂನು ಮಾಡಿತು. ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನ ಈ ಏಳು ಮತ್ತು ಇವುಗಳಿಂದಾದ ಪದಾರ್ಥಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾದರೆ ಯೂರೋಪಿನಲ್ಲಿ ಮಾರುವಂತಿಲ್ಲ. ಬೆಳೆದ ಜಾಗ ಯಾವುದೆಂದು ಉಪಗ್ರಹದ ನಕ್ಷೆಯಲ್ಲಿ ತೋರಿಸಬೇಕು. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಯವರೆಗಿನ ತೋಟಕ್ಕೆ ನಕ್ಷೆಯಲ್ಲಿ ಒಂದು ಬಿಂದು ಸಾಕು; ಅದಕ್ಕಿಂತ ದೊಡ್ಡದಾದರೆ ಗಡಿಯನ್ನೇ ಗುರುತಿಸಬೇಕು. ಜಾರಿಯ ದಿನವನ್ನು ಎರಡು ಬಾರಿ ಮುಂದೂಡಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದು ನಿಗದಿ ಮಾಡಲಾಗಿದೆ. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದರಿಂದ ಖರೀದಿದಾರರ ತಪಾಸಣೆ ಸ್ವಲ್ಪ ಹಗುರವಾಗಿದೆ. ಬೆಳೆಗಾರರ ನೋಂದಣಿಗೆ ಕಾಫಿ ಮಂಡಳಿ ಮೊಬೈಲ್ ಆ್ಯಪ್ ಹೊರತಂದಿದೆ.

ಕಾನೂನಿನ ಉದ್ದೇಶ ಒಳ್ಳೆಯದು. ತಮ್ಮ ಲೋಟದ ಕಾಫಿಗಾಗಿ ಯಾರ ಕಾಡೂ ಹಾಳಾಗಬಾರದೆಂದು ಯೂರೋಪಿನವರು ಬಯಸುವುದನ್ನು ಮೆಚ್ಚಬೇಕು. ಆದರೆ ನಮ್ಮ ತತ್ವದ ಅಳತೆಗೋಲನ್ನು ಇಟ್ಟು ನೋಡಿ. ನೂರು ಎಕರೆಯವರಿಗೆ ಗುಮಾಸ್ತರಿದ್ದಾರೆ, ಕಂಪ್ಯೂಟರ್ ಇದೆ. ಎರಡು ಎಕರೆಯ ವಿಧವೆ ತಾಯಿಗೆ ಪಹಣಿ ಇನ್ನೂ ಮಾವನ ಹೆಸರಿನಲ್ಲಿರಬಹುದು, ಕೈಯಲ್ಲಿ ಗುಂಡಿ ಒತ್ತುವ ಫೋನು ಇರಬಹುದು. ದಾಖಲೆ ಇಲ್ಲದ ಕಾಫಿಗೆ ವ್ಯಾಪಾರಿ ಬೆಲೆ ಇಳಿಸಿದರೆ, ಕಾಡನ್ನು ಒಂದು ಗೇಣೂ ಮುಟ್ಟದ ಆಕೆಯೇ ದಂಡ ಕಟ್ಟಿದಂತಾಗುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ನೆರಳಿನ ಮರಗಳ ಕೆಳಗೆ ಬೆಳೆ ಬೆಳೆಯುವ ತೋಟವನ್ನು ಈ ಕಾನೂನು ಕಾಡೆಂದು ಎಣಿಸುವುದಿಲ್ಲ, ಕೃಷಿಭೂಮಿ ಎಂದೇ ಎಣಿಸುತ್ತದೆ. ಆದ್ದರಿಂದ ಹಳೆಯ ತೋಟದಲ್ಲಿ ಅತ್ತಿ, ನಂದಿ, ಹಲಸು, ಬೀಟೆ ಮರಗಳನ್ನು ತೆಗೆದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮಾತ್ರ ನೆಟ್ಟರೂ ಕಾನೂನಿನ ಕಣ್ಣಿಗೆ ಅದು ತಪ್ಪಲ್ಲ. ಹಳೆಯ ಮರಗಳನ್ನು ಉಳಿಸಿಕೊಂಡು ಸ್ವಲ್ಪ ಕಡಿಮೆ ಇಳುವರಿ ಪಡೆದವನಿಗೆ ಅದರಿಂದ ವಿಶೇಷ ಲಾಭವೂ ಇಲ್ಲ. ನಮ್ಮಲ್ಲಿ ನಾಡಮರಗಳ ಮೇಲೆ ಮಾಲೀಕನ ಹಕ್ಕು ತೊಡಕಿನದು, ಸಿಲ್ವರ್ ಓಕ್ ಮಾರುವುದು ಸುಲಭ. ಹೀಗೆ ಊರಿನ ನಿಯಮವೂ ದೂರದ ನಿಯಮವೂ, ಮಣ್ಣನ್ನು ಹಿಡಿದು ನಿಲ್ಲುವ ಮರದ ಪರವಾಗಿ ಮಾತಾಡುತ್ತಿಲ್ಲ. ಸುಗ್ಗಿಯ ಕಾಲದಲ್ಲಿ ಅಕಾಲಿಕ ಮಳೆ ಬಂದು ಹಣ್ಣು ಉದುರುವಾಗ, ಹೂಮಳೆ ಹೊತ್ತಿಗೆ ಸರಿಯಾಗಿ ಬಾರದಿದ್ದಾಗ, ಬಿಸಿಲು ಹೆಚ್ಚಿ ಅರೇಬಿಕಾ ಗಿಡಕ್ಕೆ ಕಾಂಡಕೊರಕ ಹತ್ತಿದಾಗ ಈ ಮರದ ನೆರಳಿನ ಬೆಲೆ ನಮಗೆ ಗೊತ್ತಾಗುತ್ತದೆ.

ನಾಗರಹೊಳೆಯ ಪಾಠ

ರಿಯೋ ಸಮ್ಮೇಳನದ ಕಾಲದಲ್ಲಿ ಬಡ ದೇಶಗಳ ಪರಿಸರ ಕಾರ್ಯಗಳಿಗಾಗಿ ಜಾಗತಿಕ ಪರಿಸರ ನಿಧಿ ಹುಟ್ಟಿಕೊಂಡಿತು. ಆ ನಿಧಿ ಮತ್ತು ವಿಶ್ವಬ್ಯಾಂಕಿನ ಹಣದಿಂದ 1996ರಲ್ಲಿ ಭಾರತದ ಏಳು ರಕ್ಷಿತ ಅರಣ್ಯಗಳಿಗೆ ಪರಿಸರ ಅಭಿವೃದ್ಧಿ ಯೋಜನೆ ಮಂಜೂರಾಯಿತು. ಏಳರಲ್ಲಿ ನಾಗರಹೊಳೆಯೂ ಒಂದು. ಆದರೆ ಆ ಕಾಡಿನಲ್ಲಿ ತಲೆಮಾರುಗಳಿಂದ ಇದ್ದ ಜೇನುಕುರುಬ, ಬೆಟ್ಟಕುರುಬ, ಯರವ ಜನರನ್ನು ಯೋಜನೆ ರೂಪಿಸುವಾಗ ಸರಿಯಾಗಿ ಕೇಳಿರಲಿಲ್ಲ. 1998ರಲ್ಲಿ ಅವರ ಪರವಾದ ದೂರು ವಿಶ್ವಬ್ಯಾಂಕಿನ ತಪಾಸಣಾ ಮಂಡಳಿಗೆ ಹೋಯಿತು. ಆದಿವಾಸಿಗಳ ವಿಷಯದಲ್ಲಿ ಬ್ಯಾಂಕು ತನ್ನದೇ ನಿಯಮಗಳನ್ನು ಪೂರ್ಣವಾಗಿ ಪಾಲಿಸಿಲ್ಲವೆಂಬುದನ್ನು ಮಂಡಳಿ ಎತ್ತಿ ತೋರಿತು. 2006ರ ಅರಣ್ಯ ಹಕ್ಕು ಕಾಯಿದೆಯ ನಂತರವೂ ಈ ವಿವಾದ ಮುಗಿಯಲಿಲ್ಲ. 2025ರ ಮೇ ತಿಂಗಳಲ್ಲಿ ಹಲವು ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಯ ಜಾಗಕ್ಕೆ ಮರಳಿ ಬಂದು ಹಕ್ಕು ಕೇಳಿದವು.

ಹುಲಿಯೂ ಉಳಿಯಬೇಕು, ಕಾಡೂ ಉಳಿಯಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಲೋಕದ ಹವೆಗೆ ಹೊಗೆ ಸೇರಿಸದ ಜನರೇ ಲೋಕಕ್ಕಾಗಿ ಮನೆ ಬಿಡಬೇಕೆಂದರೆ ಹಬ್ಬದ ವಂತಿಗೆಯ ಲೆಕ್ಕ ತಲೆಕೆಳಗಾಗುತ್ತದೆ. ಒಳ್ಳೆಯ ಉದ್ದೇಶದ ಹಣವೂ ಕೆಳಗಿನವರನ್ನು ಕೇಳದೆ ಬಂದರೆ ಗಾಯ ಮಾಡುತ್ತದೆ. ಕೆಳಗಿನವರು ತಾವೇ ಮಾಡಬಲ್ಲದ್ದನ್ನು ಮೇಲಿನವರು ಕಸಿದುಕೊಳ್ಳಬಾರದು, ಅವರಿಗೆ ನೆರವಾಗಬೇಕು ಎಂದು ಪೋಪ್ ಹನ್ನೊಂದನೆಯ ಪಯಸ್ 1931ರಲ್ಲಿಯೇ ಬೋಧಿಸಿದ್ದರು. ದಿವಂಗತ ಪೋಪ್ ಫ್ರಾನ್ಸಿಸರು ಪ್ಯಾರಿಸ್ ಸಭೆಗೆ ಆರು ತಿಂಗಳ ಮೊದಲು, 2015ರ ಜೂನ್‌ನಲ್ಲಿ, 'ಲೌದಾತೋ ಸಿ' ಎಂಬ ವಿಶ್ವಪರಿಪತ್ರವನ್ನು ಪ್ರಕಟಿಸಿದರು. ಅದರಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ ತೀರಿಸಬೇಕಾದ ಪರಿಸರದ ಋಣವನ್ನು ಅವರು ಸ್ಪಷ್ಟವಾಗಿ ಹೆಸರಿಸಿದ್ದಾರೆ.

ಕೇಳಿದ ನ್ಯಾಯವನ್ನು ಕೊಡಬೇಡವೇ?

ಇಲ್ಲಿಯವರೆಗೆ ಓದಿ, "ಸರಿ, ತಪ್ಪು ಶ್ರೀಮಂತ ದೇಶಗಳದ್ದು" ಎಂದು ನಿಟ್ಟುಸಿರು ಬಿಡುವ ಆಸೆಯಾಗಬಹುದು. ಪಾಲು ಬೇರೆ ಎಂದರೆ ಪಾಲೇ ಇಲ್ಲ ಎಂದರ್ಥವಲ್ಲ. ಒಟ್ಟು ಹೊಗೆಯ ಲೆಕ್ಕದಲ್ಲಿ ಇಂದು ಭಾರತ ಚೀನಾ, ಅಮೆರಿಕಗಳ ನಂತರ ಮೂರನೆಯ ಸ್ಥಾನದಲ್ಲಿದೆ. 2070ರ ವೇಳೆಗೆ ನಿವ್ವಳ ಹೊಗೆಯನ್ನು ಶೂನ್ಯಕ್ಕೆ ತರುವುದಾಗಿ 2021ರಲ್ಲಿ ಗ್ಲಾಸ್ಗೋದಲ್ಲಿ ನಮ್ಮ ದೇಶ ಮಾತು ಕೊಟ್ಟಿದೆ. 2030ರ ವೇಳೆಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧವನ್ನು ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳಿಂದ ಪಡೆಯುವ ಗುರಿಯನ್ನು 2025ರಲ್ಲಿಯೇ ಮುಟ್ಟಿದೆ.

ಅದಕ್ಕಿಂತಲೂ ಹತ್ತಿರದ ಪ್ರಶ್ನೆ ಒಂದಿದೆ. ಭಾರತೀಯನ ಪಾಲು ಕೇವಲ 2 ಟನ್ ಎಂದು ನಾವು ಲೋಕದ ಮುಂದೆ ಹೇಳುತ್ತೇವೆ. ಅದು ಅಷ್ಟು ಕಡಿಮೆ ಏಕೆ? ಒಂದು ಬಲ್ಬಿನ ಮನೆಯಲ್ಲಿ, ಕಾಲ್ನಡಿಗೆಯಲ್ಲಿ ಬದುಕುವ ಕೋಟ್ಯಂತರ ಬಡವರು ಆ ಸರಾಸರಿಯನ್ನು ಕೆಳಗೆ ಎಳೆದಿದ್ದಾರೆ. ಎರಡು ಕಾರು, ಹವಾನಿಯಂತ್ರಿತ ಕೋಣೆ, ವಿಮಾನದ ಪ್ರಯಾಣ ಇರುವ ಮನೆಯವರು ಅದೇ ಸರಾಸರಿಯ ಹಿಂದೆ ನಿಂತರೆ, ಬಡವನ ಬೆನ್ನ ಹಿಂದೆ ಅಡಗಿದಂತೆ. ರಿಯೋದಲ್ಲಿ ನಮ್ಮ ದೇಶ ಯಾವ ನ್ಯಾಯವನ್ನು ಕೇಳಿತೋ, ಅದನ್ನೇ ಕುಟ್ಟದಲ್ಲಿ ನಾವು ನಮ್ಮ ಕೆಳಗಿನವರಿಗೆ ಕೊಡಬೇಕು. ಕೊಡದಿದ್ದರೆ ಕೇಳುವ ನೈತಿಕ ಹಕ್ಕು ಎಲ್ಲಿ ಉಳಿಯುತ್ತದೆ?

ನಮ್ಮ ದೇವಾಲಯದಲ್ಲಿ ತೋಟದ ಮಾಲೀಕರು, ನಾಲ್ಕು ಎಕರೆಯ ರೈತರು, ಲೈನ್ ಮನೆಯವರು ಒಂದೇ ಬಲಿಪೂಜೆಯಲ್ಲಿ ಭಾಗಿಗಳಾಗುತ್ತಾರೆ. ಸುಗ್ಗಿಗೆ ಅಸ್ಸಾಮಿನಿಂದಲೂ ಕೆಲಸಗಾರರು ಬರುತ್ತಾರೆ. ಆದ್ದರಿಂದ ಪಾಲನ್ನು ಹೀಗೆ ಹಂಚಿಕೊಳ್ಳಬಹುದು.

ತೋಟವುಳ್ಳವರು: ಮಳೆಗಾಲಕ್ಕೆ ಮೊದಲು ಲೈನ್ ಮನೆಗಳ ಹಿಂದಿನ ಬರೆಯನ್ನು ನೋಡಿರಿ. ಮಣ್ಣು ಬಿರುಕು ಬಿಟ್ಟಿದ್ದರೆ, ನೀರು ಹರಿಯುವ ದಾರಿ ಮುಚ್ಚಿದ್ದರೆ ಸರಿಪಡಿಸಿರಿ. ಅಪಾಯವಿದ್ದರೆ ಆ ಕುಟುಂಬಕ್ಕೆ ಬೇರೆ ಕಡೆ ವಾಸಕ್ಕೆ ಏರ್ಪಾಡು ಮಾಡಿರಿ. ಒಂದು ನಾಡಮರ ಹೋದಲ್ಲಿ ಇನ್ನೊಂದು ನಾಡಮರವನ್ನು ನೆಡಿರಿ. ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಇರಲಿ, ಆದರೆ ಅದೊಂದೇ ಬೇಡ.

ಯುವಜನರು: ನಿಮ್ಮ ಕೈಯಲ್ಲಿ ಫೋನಿದೆ. ನೆರೆಯ ಸಣ್ಣ ಬೆಳೆಗಾರರ ಮನೆಗೆ ಹೋಗಿ ತೋಟದ ನೋಂದಣಿಗೆ, ಪಹಣಿಯ ತಿದ್ದುಪಡಿಯ ಅರ್ಜಿಗೆ ನೆರವಾಗಿರಿ. ಒಂದು ಭಾನುವಾರ ಮಧ್ಯಾಹ್ನ ಒಂದು ಕುಟುಂಬದ ವರ್ಷದ ಬೆಲೆಯನ್ನು ಉಳಿಸಬಹುದು.

ಎಲ್ಲರೂ: ಗ್ರಾಮಸಭೆಗೆ ಹೋಗಿರಿ. ಬೆಟ್ಟ ಕಡಿಯುವ ಮಾತು, ರೆಸಾರ್ಟಿನ ಮಾತು, ಹಾಡಿಯ ಹಕ್ಕಿನ ಮಾತು ಬಂದಾಗ, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳಿರಿ. ಹಾಡಿಯವರು ಸಭೆಯಲ್ಲಿ ಇಲ್ಲದಿದ್ದರೆ ಅವರನ್ನು ಕರೆಯುವ ತನಕ ನಿರ್ಣಯವನ್ನು ತಡೆಯಿರಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ವಿದ್ಯುತ್ ಬಿಲ್ಲು, ಪೆಟ್ರೋಲ್ ಖರ್ಚು ಎಷ್ಟು? ನಮ್ಮ ಮನೆಯಲ್ಲಿ ಅಥವಾ ತೋಟದಲ್ಲಿ ದುಡಿಯುವವರ ಮನೆಯಲ್ಲಿ ಎಷ್ಟು?

2. ನಮ್ಮ ತೋಟದಲ್ಲಿ ಅಜ್ಜನ ಕಾಲದ ಎಷ್ಟು ಮರಗಳು ಉಳಿದಿವೆ? ಮಕ್ಕಳಿಗೆ ಅವುಗಳ ಹೆಸರು ಗೊತ್ತೇ?

3. ಜುಲೈ ತಿಂಗಳಲ್ಲಿ ರಾತ್ರಿ ಜೋರು ಮಳೆ ಬಂದರೆ ನಮ್ಮ ಊರಿನಲ್ಲಿ ಮೊದಲು ಅಪಾಯಕ್ಕೆ ಸಿಲುಕುವ ಮನೆ ಯಾವುದು? ಆ ಮನೆಯವರ ಹೆಸರು ನಮಗೆ ಗೊತ್ತೇ?

ಮೂರನೆಯ ಪ್ರಶ್ನೆಗೆ ಉತ್ತರ ತಿಳಿಯದ ಮನೆಯವರು ಈ ವಾರವೇ ಹೋಗಿ ತಿಳಿದುಕೊಂಡು ಬನ್ನಿರಿ.